ಯಾವ ಪ್ರಾಡಕ್ಟು, ಸೋಪಾ?

ಜುಲೈ ತಿಂಗಳಲ್ಲಿ ನಮ್ಮ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಕಿರಾಅತ್ ಆಯಿತು, ಸ್ವಾಗತ ಭಾಷಣ ಆಯಿತು, ಆಮೇಲೆ ಅತಿಥಿಗಳು ಎಲ್ಲರಿಗೂ ಒಂದೊಂದು ಚೀಟಿ ಕೊಡಿಸಿ, ಮುಂದೆ ಏನಾಗಬೇಕೆಂದಿದ್ದೀರಿ ಎಂದು ಒಂದೇ ಸಾಲಿನಲ್ಲಿ ಬರೆಯಲು ಹೇಳಿದರು. ವಾಣಿಜ್ಯ ವಿಭಾಗದ ಚೀಟಿಗಳನ್ನು ಅವರೇ ಮೈಕಿನಲ್ಲಿ ಓದಿದರು. ಸಿ.ಎ., ಸಿ.ಎ., ಬ್ಯಾಂಕ್, ಟೀಚರ್, ಸಿ.ಎ., ದುಬೈ (ಅದನ್ನು ಬರೆದವನು ಯಾರೆಂದು ಎಲ್ಲರಿಗೂ ಗೊತ್ತು). ನನ್ನ ಚೀಟಿ ಬಂದಾಗ ಕನ್ನಡಕ ಸರಿ ಮಾಡಿಕೊಂಡರು. "ಪ್ರಾಡಕ್ಟ್ ಮ್ಯಾನೇಜರ್. ಯಾವ ಪ್ರಾಡಕ್ಟು? ಸೋಪಾ?" ಎಂದರು. ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ, ಏಕೆಂದರೆ ಎದ್ದು ನಿಂತು ಉತ್ತರ ಹೇಳುವಷ್ಟು ನನಗೂ ಆ ಕೆಲಸದ ಬಗ್ಗೆ ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಆಮೇಲೆ ಹುಡುಕಿ ಓದಿದಾಗ ಒಂದು ತಮಾಷೆಯ ವಿಷಯ ಸಿಕ್ಕಿತು. ಆ ಕೆಲಸ ಹುಟ್ಟಿದ್ದೇ ಸೋಪಿನಿಂದ. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್ರಾಯ್ ಎಂಬ ಯುವಕ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ. ಅದೇ ಕಂಪನಿಯ ಐವರಿ ಸೋಪು ದೊಡ್ಡಣ್ಣನಂತೆ ಎದುರಿಗಿತ್ತು. ಒಂದೊಂದು ಸೋಪಿಗೂ ಅದರ ಒಳಿತು ಕೆಡುಕು ಎರಡನ್ನೂ ಹೊತ್ತುಕೊಳ್ಳುವ ಒಬ್ಬೊಬ್ಬ ಮನುಷ್ಯ ಬೇಕು, ಮಾರಾಟ ಎಲ್ಲಿ ಕುಸಿಯಿತು, ಏಕೆ ಕುಸಿಯಿತು ಎಂದು ಅವನು ಊರೂರಿಗೆ ಹೋಗಿ ತಿಳಿದು ಬರಬೇಕು ಎಂದು ಮೂರು ಪುಟದ ಟಿಪ್ಪಣಿ ಬರೆದು ಮೇಲಿನವರಿಗೆ ಕೊಟ್ಟ. ಇವತ್ತಿನ ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಆ ಮೂರು ಪುಟದ ಹತ್ತಿರ ಹೋಗಿ ನಿಲ್ಲುತ್ತಾರೆ. ಆ ಮನುಷ್ಯ ಮುಂದೆ ಅಮೆರಿಕದ ರಕ್ಷಣಾ ಸಚಿವನೂ ಆದ. ಆದ್ದರಿಂದ ಅತಿಥಿಗಳ ಪ್ರಶ್ನೆಗೆ ನನ್ನ ಉತ್ತರ, ಐದು ತಿಂಗಳು ತಡವಾಗಿ: ಹೌದು ಸರ್, ಸೋಪೇ.

ಆದರೆ ನಾನು ಆ ಚೀಟಿಯಲ್ಲಿ ಹಾಗೆ ಬರೆದದ್ದಕ್ಕೆ ಕಾರಣ ಮೆಕೆಲ್ರಾಯ್ ಅಲ್ಲ. ಕಾರಣ ಮೂರು ರವಿಕೆಗಳು.

ನಮ್ಮ ಮನೆ ದಾವಣಗೆರೆಯ ಹಳೇ ಊರಿನ ಕಡೆ. ಅಬ್ಬಾ ಲಗೇಜ್ ಆಟೋದಲ್ಲಿ ಭಟ್ಟಿಗಳಿಂದ ಮಂಡಕ್ಕಿ ಚೀಲ ಸಾಗಿಸುತ್ತಾರೆ. ಅಮ್ಮಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ರವಿಕೆ, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್, ಸೀರೆಗೆ ಫಾಲ್ ಹಚ್ಚುವುದು, ಎಲ್ಲ. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನ್ನಡದವರು, ಅವರು ಅಮ್ಮಿಯನ್ನು 'ಟೈಲರಕ್ಕ' ಎಂದು ಕರೆಯುತ್ತಾರೆ. ಅಮ್ಮಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಉರ್ದು ಓದುತ್ತಾರೆ. ಅಳತೆ ಪುಸ್ತಕದಲ್ಲಿ ಉರ್ದುವಿನಲ್ಲೇ ಬರೆಯುತ್ತಾರೆ, ಅಂಕಿ ಮಾತ್ರ ನಮ್ಮ ನಿಮ್ಮ ಅಂಕಿ.

ಪ್ರಥಮ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ, ಅಂದರೆ 2025ರ ಮಾರ್ಚ್‌ನಲ್ಲಿ, ರಂಜಾನ್ ನಡೆಯುತ್ತಿತ್ತು. ಹೊಲಿಗೆಯವರ ಮನೆಯಲ್ಲಿ ರಂಜಾನ್ ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಸಹರಿಗೆ ಎದ್ದವರು ತರಾವೀಹ್ ಮುಗಿದ ಮೇಲೂ ಮಷೀನಿನ ಮುಂದೆ. ಗೋಡೆಯ ಗೂಟಕ್ಕೆ, ಕುರ್ಚಿಯ ಬೆನ್ನಿಗೆ, ಫ್ರಿಜ್ಜಿನ ಮೇಲೆ ಎಲ್ಲ ಕಡೆ ಬಟ್ಟೆಯ ಚೀಲ. ದಿನಕ್ಕೆ ಒಬ್ಬರಾದರೂ ಬಂದು "ಟೈಲರಕ್ಕ, ಇವತ್ತು ಕೊಡ್ತೀನಿ ಅಂದಿದ್ರಿ" ಎಂದು ನಿಲ್ಲುವುದು, ಅಮ್ಮಿ ನಾಲಿಗೆ ಕಚ್ಚಿಕೊಳ್ಳುವುದು. ನನಗೆ ಅವಮಾನವಾಗುತ್ತಿತ್ತು. ಪರೀಕ್ಷೆ ಬೇರೆ ಮುಗಿದಿತ್ತು, ಕೈಯಲ್ಲಿ ಅಬ್ಬಾನ ಹಳೆಯ ಫೋನಿತ್ತು. ಒಂದು ರಾತ್ರಿ ಕುಳಿತು ಆನ್‌ಲೈನ್ ಶೀಟ್ ಮಾಡಿದೆ. ಗಿರಾಕಿಯ ಹೆಸರು, ಬಟ್ಟೆ, ಕೊಡಬೇಕಾದ ದಿನ, ಇನ್ನೆಷ್ಟು ದಿನ ಬಾಕಿ. ಮೂರು ದಿನಕ್ಕಿಂತ ಕಡಿಮೆ ಉಳಿದರೆ ಆ ಸಾಲು ತಾನಾಗಿ ಕೆಂಪಾಗಬೇಕು. ಮಾಡಿ ಮುಗಿಸಿದಾಗ ನನಗೆ ಎಷ್ಟು ಹೆಮ್ಮೆ ಎಂದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಬೆಂಗಳೂರಿನಲ್ಲಿರುವ ಆಪಾಗೆ ಕಳಿಸಿದೆ.

ಆಪಾ ನನ್ನ ಖಾಲಾನ ಮಗಳು. ಅವಳ ಬಗ್ಗೆ ಆಮೇಲೆ ಹೇಳುತ್ತೇನೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಇದನ್ನ ಮಾಡೋ ಮೊದಲು ಖಾಲಾನ ಏನಾದ್ರೂ ಕೇಳಿದ್ಯಾ?" ನಾನು ಉತ್ತರಿಸಲಿಲ್ಲ. ಕೇಳುವುದೇನಿದೆ? ಕಣ್ಣಿಗೆ ಕಾಣುತ್ತಿತ್ತಲ್ಲ.

ಶೀಟಿಗೆ ಹಳೆಯ ಆರ್ಡರುಗಳನ್ನು ತುಂಬುವಾಗ ಒಂದು ವಿಚಿತ್ರ ನಡೆಯಿತು. 28/3 ಎಂದು ಬರೆದರೆ 'ಬಾಕಿ ದಿನ'ದ ಜಾಗದಲ್ಲಿ ತಪ್ಪು ಎಂದು ತೋರಿಸುತ್ತಿತ್ತು. ನಾನು ಬೇಸರದಿಂದ ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆದೆ, ಸರಿ ಹೋಯಿತು. ಏಕೆ ಹಾಗಾಯಿತು ಎಂದು ಯೋಚಿಸಲೇ ಇಲ್ಲ. ಅಲ್ಲೇ ನಿಂತು ಯೋಚಿಸಬೇಕಿತ್ತು.

ರಂಜಾನಿನ ನಡುವೆ ಒಂದು ಮದುವೆ ಮನೆಯ ಆರ್ಡರು ಬಂತು. ಮೂರು ರವಿಕೆ. ಒಂದಕ್ಕೆ ತೋಳಿನ ತುಂಬ ಮಗ್ಗದ ಕೆಲಸ ಮಾಡಿಸಿ ತಂದಿದ್ದರು. ಏಪ್ರಿಲ್ 6, ಭಾನುವಾರ ಧಾರೆ. ಹಿಂದಿನ ಸಂಜೆ ಆರತಕ್ಷತೆ. 5ನೇ ತಾರೀಖು ಶನಿವಾರ ಬೆಳಿಗ್ಗೆ ಕೊಡುವುದೆಂದು ಮಾತು. ನಾನು 5/4 ಎಂದು ಬರೆದೆ. ತಪ್ಪು ಎಂದು ತೋರಿಸಲಿಲ್ಲ. ಈದ್ ದಿನ, ಮಾರ್ಚ್ 31ರಂದು, ಅಮ್ಮಿ ಶೀರ್ ಖುರ್ಮಾದ ಬಟ್ಟಲು ಹಿಡಿದು ಮೊದಲ ಬಾರಿಗೆ ತಾವಾಗಿ ಕೇಳಿದರು, "ನಿನ್ನ ಫೋನ್ ಏನು ಹೇಳುತ್ತೆ, ಅವಸರದ್ದು ಏನಾದರೂ ಇದೆಯಾ?" ಮದುವೆ ಮನೆಯ ಸಾಲಿನಲ್ಲಿ 34 ದಿನ ಬಾಕಿ ಎಂದಿತ್ತು. "ಏನೂ ಇಲ್ಲ ಅಮ್ಮಿ, ಆರಾಮಾಗಿರಿ" ಎಂದೆ. ಒಂದು ತಿಂಗಳು ಬೆನ್ನು ಮುರಿದ ಅಮ್ಮಿ ಮಷೀನಿಗೆ ಬಟ್ಟೆ ಹೊದಿಸಿ ಹರಿಹರಕ್ಕೆ ನಾನಿಯ ಮನೆಗೆ ಹೋಗಿ ಮೂರು ದಿನ ಇದ್ದು ಬಂದರು.

ಆ ಶೀಟು ಅಮೆರಿಕದ ಪದ್ಧತಿಯಲ್ಲಿತ್ತು. ಅವರಿಗೆ ತಿಂಗಳು ಮೊದಲು, ದಿನ ಆಮೇಲೆ. 28/3 ಅದಕ್ಕೆ ಅರ್ಥವಾಗಲಿಲ್ಲ, ಏಕೆಂದರೆ ಇಪ್ಪತ್ತೆಂಟನೆಯ ತಿಂಗಳು ಇಲ್ಲ. 5/4 ಚೆನ್ನಾಗಿ ಅರ್ಥವಾಯಿತು: ಮೇ 4.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮದುಮಗಳ ತಾಯಿ ಬಂದರು. ಕೈಯಲ್ಲಿ ಅರಿಶಿನ ಇನ್ನೂ ಇತ್ತು. ರವಿಕೆ ಬಟ್ಟೆಗೆ ಕತ್ತರಿಯೇ ಬಿದ್ದಿರಲಿಲ್ಲ. ಅಮ್ಮಿ ನನ್ನ ಕಡೆ ನೋಡಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. "ನನ್ನದೇ ತಪ್ಪು ಅಕ್ಕ, ಸಂಜೆಯೊಳಗೆ ಒಂದು ಕೊಡ್ತೀನಿ, ಉಳಿದದ್ದು ರಾತ್ರಿ ಮಂಟಪಕ್ಕೇ ಕಳಿಸ್ತೀನಿ" ಎಂದರು. ಆ ತಾಯಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟರು. ಅಮ್ಮಿ ಕತ್ತರಿಸಿದರು, ನಾನು ಹುಕ್ಸ್ ಹಚ್ಚಿದೆ, ದಾದಿ ಕೂಡ ಕನ್ನಡಕ ಹಾಕಿಕೊಂಡು ಕೈಹೊಲಿಗೆ ಹಾಕಿದರು. ಮಗ್ಗದ ಕೆಲಸದ ರವಿಕೆ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಅಬ್ಬಾ ಮಂಡಕ್ಕಿ ಆಟೋದಲ್ಲೇ ಕಲ್ಯಾಣ ಮಂಟಪಕ್ಕೆ ಹೋಗಿ ಕೊಟ್ಟು ಬಂದರು. ಹಣ ತೆಗೆದುಕೊಳ್ಳಬೇಡಿ ಎಂದು ಅಮ್ಮಿ ಹೇಳಿದ್ದರು. ಅವರು ಬಲವಂತವಾಗಿ ಪೂರ್ತಿ ಕೊಟ್ಟರಂತೆ. ಆ ಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಅವರ ಮೂಲಕ ಬರುತ್ತಿದ್ದ ಅದೇ ರಸ್ತೆಯ ಇನ್ನೂ ನಾಲ್ಕು ಮನೆಯವರೂ ಬರಲಿಲ್ಲ.

ರಾತ್ರಿ ನಾನು ಆಪಾಗೆ ಫೋನ್ ಮಾಡಿ ಅತ್ತೆ. ಶೀಟನ್ನು ಅಳಿಸಿಬಿಡುತ್ತೇನೆ ಎಂದೆ. ಅವಳು ಸಮಾಧಾನ ಹೇಳಲಿಲ್ಲ. "ಅಳಿಸಬೇಡ, ಇಟ್ಕೋ. ನಾಳೆಯಿಂದ ಒಂದು ವಾರ ಖಾಲಾನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ್ಕೋ. ಏನೂ ಸರಿ ಮಾಡೋಕೆ ಹೋಗಬೇಡ, ಬರೀ ಬರ್ಕೋ" ಎಂದಳು.

ಈಗ ಆಪಾ ಬಗ್ಗೆ ಹೇಳಬೇಕು. ಅವಳು ಇಂಜಿನಿಯರ್ ಅಲ್ಲ, ಎಂ.ಬಿ.ಎ. ಕೂಡ ಅಲ್ಲ. ಬಿ.ಕಾಂ. ಓದಿದವಳು. ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಗ್ರಾಹಕರ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಕನ್ನಡ, ಉರ್ದು, ಹಿಂದಿ, ಸ್ವಲ್ಪ ತಮಿಳು ಬರುತ್ತಿದ್ದದ್ದರಿಂದ ಕೆಲಸ ಸಿಕ್ಕಿತು. ದಿನವಿಡೀ ಅಂಗಡಿಯವರ ಬೈಗುಳ ಕೇಳುವುದು. ಬಿಲ್ ಪ್ರಿಂಟ್ ಆಗುತ್ತಿಲ್ಲ, ಕಾಗದ ಖಾಲಿ ಬರುತ್ತಿದೆ ಎಂದು ಹೊಸ ಗಿರಾಕಿಗಳಿಂದ ಮತ್ತೆ ಮತ್ತೆ ಫೋನ್. ಇಂಜಿನಿಯರುಗಳು ಸಾಫ್ಟ್‌ವೇರಿನಲ್ಲಿ ದೋಷ ಹುಡುಕುತ್ತಿದ್ದರು. ಆಪಾ ಒಂದು ಭಾನುವಾರ ತನ್ನ ಬೀದಿಯ ಬೇಕರಿಗೆ ಹೋಗಿ ನಿಂತು ನೋಡಿದಳು. ಆ ಬಿಲ್ಲಿನ ಕಾಗದಕ್ಕೆ ಶಾಯಿ ಇರುವುದಿಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಒಂದೇ ಬದಿಗೆ ಇರುತ್ತದೆ. ಹುಡುಗರು ಸುರುಳಿಯನ್ನು ಉಲ್ಟಾ ಹಾಕುತ್ತಿದ್ದರು. ಅಷ್ಟೇ. ಪ್ರಿಂಟರಿನ ಮುಚ್ಚಳದ ಒಳಗೆ ಒಂದು ಚಿತ್ರದ ಸ್ಟಿಕರ್ ಅಂಟಿಸಿದರೆ ಸಾಕು ಎಂದು ಬರೆದು ಕೊಟ್ಟಳು. ಫೋನುಗಳು ಕಡಿಮೆಯಾದವು. ಎರಡು ವರ್ಷ ಹೀಗೆ ಬರೆದು ಕೊಟ್ಟ ಮೇಲೆ ಅವಳನ್ನು ಪ್ರಾಡಕ್ಟ್ ತಂಡಕ್ಕೆ ತೆಗೆದುಕೊಂಡರು.

ಈಗ ಅವಳು ಮಾಡುವ ಕೆಲಸ ಇದು: ಗಿರಾಕಿಗೆ ನಿಜವಾಗಿ ಏನು ತೊಂದರೆ ಎಂದು ತಿಳಿಯುವುದು, ಇರುವ ಸಮಯದಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂದು ಗೊತ್ತುಪಡಿಸುವುದು, ಅದನ್ನು ಇಂಜಿನಿಯರಿಗೂ ಡಿಸೈನರಿಗೂ ಅರ್ಥವಾಗುವಂತೆ ಬರೆಯುವುದು, ಆಮೇಲೆ ಅದು ಕೆಲಸ ಮಾಡಿತೇ ಇಲ್ಲವೇ ಎಂದು ಅಳೆಯುವುದು. ಹೆಸರಿನಲ್ಲಿ ಮ್ಯಾನೇಜರ್ ಇದ್ದರೂ ಅವಳ ಕೈಕೆಳಗೆ ಯಾರೂ ಇಲ್ಲ. ಯಾರಿಗೂ ಆಜ್ಞೆ ಮಾಡುವಂತಿಲ್ಲ, ಒಪ್ಪಿಸಬೇಕು. ದಿನದಲ್ಲಿ ಅತಿ ಹೆಚ್ಚು ಹೇಳುವ ಮಾತು 'ಈಗ ಬೇಡ' ಎಂಬುದು ಅಂತೆ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಮಾರ್ಕೆಟಿಂಗ್ ಅಧ್ಯಾಯದಲ್ಲಿ ನಾಲ್ಕು 'ಪಿ'ಗಳು ಬರುತ್ತವಲ್ಲ, ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ನಾವು ಅದನ್ನು ಎಂಟು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ಮೊದಲನೆಯ 'ಪಿ'ಯನ್ನೇ ಜೀವನವಿಡೀ ಮಾಡುವವರು ಇದ್ದಾರೆ ಎಂದು ಆಪಾನಿಂದ ಗೊತ್ತಾಯಿತು.

ಸ್ಟೂಲಿನ ವಿಷಯಕ್ಕೆ ಬರುತ್ತೇನೆ. ಒಂದು ವಾರ ಕುಳಿತೆ. ಮೊದಲ ದಿನವೇ ನನಗೆ ನಾಚಿಕೆಯಾಯಿತು. ಅಮ್ಮಿ ಯಾವ ಆರ್ಡರನ್ನೂ ಮರೆಯುತ್ತಿರಲಿಲ್ಲ! ಪ್ರತಿ ಬಟ್ಟೆಯ ಚೂರನ್ನು ಅಳತೆ ಪುಸ್ತಕದ ಹಾಳೆಗೆ ಪಿನ್ ಮಾಡುತ್ತಿದ್ದರು. ಚೂರು ಮುಟ್ಟಿದರೆ ಗಿರಾಕಿ, ಅಳತೆ, ಕುತ್ತಿಗೆಯ ಆಕಾರ ಎಲ್ಲ ಬಾಯಲ್ಲಿ ಬರುತ್ತಿತ್ತು. ನಾನು ಮಾಡಿದ ಶೀಟು ಇಲ್ಲದ ರೋಗಕ್ಕೆ ಕೊಟ್ಟ ಔಷಧಿ. ಆ ಮದುವೆ ಮನೆಯ ರವಿಕೆ ಕೂಡ ಅವರ ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ಮಗಳು ಓದಿದವಳು, ಮಗಳ ಫೋನು ಸುಳ್ಳು ಹೇಳುವುದಿಲ್ಲ ಎಂದು ಪುಸ್ತಕ ಬಿಟ್ಟು ನನ್ನನ್ನು ನಂಬಿದ್ದರು. ಇದನ್ನು ಬರೆಯುವಾಗಲೂ ಕೈ ಭಾರವಾಗುತ್ತದೆ.

ಹಾಗಾದರೆ ತಡವಾಗುತ್ತಿದ್ದದ್ದು ಏಕೆ? ಅದು ನಾಲ್ಕನೆಯ ದಿನ ಕಂಡಿತು. "ಯಾವಾಗ ಕೊಡ್ತೀರಿ ಅಕ್ಕ?" ಎಂದು ಯಾರು ಕೇಳಿದರೂ ಅಮ್ಮಿಯ ಉತ್ತರ ಒಂದೇ: "ಗುರುವಾರ." ಸೋಮವಾರ ಬಂದವರಿಗೂ ಗುರುವಾರ, ಬುಧವಾರ ಬಂದವರಿಗೂ ಗುರುವಾರ. ಶುಕ್ರವಾರ ಜುಮ್ಮಾ, ಅದಕ್ಕೆ ಮೊದಲು ಎಲ್ಲ ಮುಗಿಸುವುದು ಅವರ ಹಳೆಯ ಆಸೆ. ನಾನು ಗೆರೆ ಎಳೆದು ಎಣಿಸಿದೆ. ಆ ವಾರ ಒಂದೇ ಗುರುವಾರಕ್ಕೆ 19 ಬಟ್ಟೆ ಒಪ್ಪಿಕೊಂಡಿದ್ದರು. ಲೈನಿಂಗ್ ರವಿಕೆಯಾದರೆ ಅವರ ಕೈಯಲ್ಲಿ ದಿನಕ್ಕೆ ಐದು. ಆರು ಮಾಡಿದ ದಿನ ರಾತ್ರಿ ಭುಜಕ್ಕೆ ಎಣ್ಣೆ ಹಚ್ಚಬೇಕು. ವಾರದಲ್ಲಿ ಬಂದ 31 ಬಟ್ಟೆಯಲ್ಲಿ 14 ಹೇಳಿದ ದಿನಕ್ಕೆ ಹೋಗಲಿಲ್ಲ.

"ಆಗೋದಿಲ್ಲ ಅಂತ ಗೊತ್ತಿದ್ದೂ ಏಕೆ ಗುರುವಾರ ಅಂತೀರಿ?" ಎಂದು ಕೇಳಿದೆ. ಅಮ್ಮಿ ದಾರ ಕಚ್ಚಿ ತುಂಡು ಮಾಡಿ, "ಇಲ್ಲ ಅಂದರೆ ಮುಖ್ಯ ರಸ್ತೆಯ ಬೊಟಿಕ್‌ಗೆ ಹೋಗ್ತಾರೆ. ಹೋದವರು ಬರ್ತಾರಾ?" ಎಂದರು. ಇಷ್ಟು ವರ್ಷ ನಾನು ಮರೆವು ಎಂದುಕೊಂಡದ್ದು ಭಯವಾಗಿತ್ತು. ಭಯಕ್ಕೆ ಶೀಟಿನಲ್ಲಿ ಜಾಗ ಮಾಡಲು ಬರುವುದಿಲ್ಲ.

ಮುರಿದ ಮಂಚದ ಹಲಗೆ ಅಟ್ಟದ ಮೇಲಿತ್ತು. ಅಬ್ಬಾ ಅದಕ್ಕೆ ಮೂವತ್ತು ಮೊಳೆ ಹೊಡೆದು ಕೊಟ್ಟರು. ಶುಕ್ರವಾರ ಬಿಟ್ಟು ಆರು ದಿನಕ್ಕೆ ಆರು ಸಾಲು, ಸಾಲಿಗೆ ಐದು ಮೊಳೆ. ಆರ್ಡರು ಬಂದರೆ ಬಟ್ಟೆಯ ಚೂರು ಸಿಕ್ಕಿಸಿದ ಚೀಟಿಯನ್ನು ಒಂದು ಮೊಳೆಗೆ ತೂಗು ಹಾಕುವುದು. ಸಾಲು ತುಂಬಿದರೆ ಆ ದಿನ ಮುಗಿಯಿತು, ಮುಂದಿನ ದಿನ ನೋಡಬೇಕು. ಹಲಗೆಯನ್ನು ಗಿರಾಕಿಗೆ ಕಾಣುವ ಹಾಗೆ ಬಾಗಿಲ ಎದುರಿಗೆ ತೂಗು ಹಾಕಿದೆವು. 'ಆಗೋದಿಲ್ಲ' ಎಂದು ಅಮ್ಮಿ ಹೇಳಬೇಕಾಗಿಲ್ಲ, ಹಲಗೆ ಹೇಳುತ್ತದೆ. ಓದುವುದು ಬರೆಯುವುದು ಯಾವ ಭಾಷೆಯಲ್ಲೂ ಬೇಕಾಗಿಲ್ಲ. (ನಾನೇ ಕಂಡುಹಿಡಿದೆ ಎಂದು ಬೀಗುತ್ತಿದ್ದೆ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೋ ಎಂಬವರು ಚೀಟಿಗಳ ಲೆಕ್ಕದಲ್ಲಿ ಕೆಲಸ ನಡೆಸುವ 'ಕಾನ್ಬಾನ್' ಪದ್ಧತಿಯನ್ನು ನನ್ನ ಅಬ್ಬಾ ಹುಟ್ಟುವ ಮೊದಲೇ ತಂದಿದ್ದರು ಎಂದು ಆಪಾ ಹೇಳಿ ಗಾಳಿ ತೆಗೆದಳು.)

ಮೊದಲ ತಿಂಗಳು ಆದಾಯ ಕಡಿಮೆಯಾಯಿತು. ಇಬ್ಬರು ಗಿರಾಕಿಗಳು ತುಂಬಿದ ಹಲಗೆ ನೋಡಿ ಚೀಲ ವಾಪಸ್ ಒಯ್ದರು. ದಾದಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ವಾರ ತಡವಾದ ಬಟ್ಟೆಗಳು ಮೂರಕ್ಕೆ ಇಳಿದವು. ಆಗ ಅಮ್ಮಿ ನನ್ನನ್ನು ಕೇಳದೆ ಹಲಗೆಯನ್ನು ಬದಲಿಸಿದರು. ಪ್ರತಿ ಸಾಲಿನ ಕೊನೆಯ ಮೊಳೆಗೆ ನನ್ನ ಕೆಂಪು ನೇಲ್ ಪಾಲಿಶ್ ಬಳಿದು, "ಇದು ಅರ್ಜೆಂಟ್ ಮೊಳೆ. ಐವತ್ತು ರೂಪಾಯಿ ಜಾಸ್ತಿ. ಯಾರೂ ಬರದಿದ್ದರೆ ಆ ಹೊತ್ತು ನನ್ನದು" ಎಂದರು. ಯಾವ ಪುಸ್ತಕ ಓದದೆ ಅವರು ಬೆಲೆಯನ್ನೂ ಬಿಡುವನ್ನೂ ಒಂದೇ ಮೊಳೆಗೆ ನೇತು ಹಾಕಿದ್ದರು. ಕೆಂಪು ಮೊಳೆ ಖಾಲಿ ಉಳಿದ ಸಂಜೆಗಳಲ್ಲಿ ಅಮ್ಮಿ ಕಾಲು ಚಾಚಿ ಚಹಾ ಕುಡಿಯುವುದನ್ನು ನಾನು ಮೊದಲ ಬಾರಿಗೆ ನೋಡಿದೆ.

ಇದಾದ ಮೇಲೇ ನಾನು ಆ ಚೀಟಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂದು ಬರೆದದ್ದು.

ಚೀಟಿ ಬರೆಯುವುದು ಸುಲಭ. ದಾರಿ ಗೊತ್ತುಮಾಡಿಕೊಳ್ಳುವುದು ಹಾಗಲ್ಲ. ಸಿ.ಎ. ಆಗಬೇಕಾದರೆ ಫೌಂಡೇಶನ್, ಇಂಟರ್, ಆರ್ಟಿಕಲ್‌ಶಿಪ್, ಫೈನಲ್ ಎಂದು ಮೆಟ್ಟಿಲುಗಳಿವೆ. ಕಷ್ಟವಾದರೂ ಕಣ್ಣಿಗೆ ಕಾಣುವ ಮೆಟ್ಟಿಲು. ಈ ಕೆಲಸಕ್ಕೆ ಅಂಥ ಒಂದೇ ಪರೀಕ್ಷೆ, ಒಂದೇ ಪದವಿ ಎಂಬುದಿಲ್ಲ. ಇಂಜಿನಿಯರಿಂಗ್‌ನಿಂದ ಬಂದವರಿದ್ದಾರೆ, ಎಂ.ಬಿ.ಎ. ಮಾಡಿ ಬಂದವರಿದ್ದಾರೆ, ಆಪಾನ ಹಾಗೆ ಫೋನ್ ಎತ್ತುತ್ತಾ ಬಂದವರಿದ್ದಾರೆ. ಪದವಿ ಮುಗಿದ ಕೂಡಲೇ ಕೈಗೆ ಸಿಗುವುದು ಅಪರೂಪ. ಯಾವುದಾದರೂ ಬೇರೆ ಕೆಲಸದ ಬಾಗಿಲಿನಿಂದ ಒಳಗೆ ಹೋಗಬೇಕು.

ಮಾರ್ಗದರ್ಶನದ ದಿನ 'ನಿಮ್ಮನ್ನೇ ಒಂದು ಪ್ರಾಡಕ್ಟ್ ಎಂದು ತಿಳಿದು ಮಾರ್ಕೆಟ್ ಮಾಡಿಕೊಳ್ಳಿ' ಎಂಬ ಮಾತು ಬಂದಿತ್ತು. ಅದು ನನಗೆ ಹಿಡಿಸಲಿಲ್ಲ, ಕ್ಷಮಿಸಿ. ರವಿಕೆ ಚೆನ್ನಾಗಿಲ್ಲದಿದ್ದರೆ ಬಿಚ್ಚಿ ಹೊಲಿಯಬಹುದು, ಇಲ್ಲವೇ ಬಿಸಾಡಬಹುದು. ನಾನು ಸ್ಟೂಲಿನ ಮೇಲೆ ಕುಳಿತವಳು, ಮೊಳೆಗೆ ನೇತು ಹಾಕಿದ ಚೀಟಿ ಅಲ್ಲ. ಹಾಗೆಯೇ 'ಐದು ವರ್ಷದ ಯೋಜನೆ' ಬರೆಯಿರಿ ಎಂದರು. ನಾನು ಪ್ರಾಮಾಣಿಕವಾಗಿ ಕುಳಿತು ಬರೆದೆ: 2026 ಬಿ.ಬಿ.ಎ., 2029 ಕೆಲಸ, 2031 ಪ್ರಾಡಕ್ಟ್ ಮ್ಯಾನೇಜರ್. ಬರೆದು ಮುಗಿಸಿದಾಗ ನನ್ನ ಆ ಶೀಟೇ ನೆನಪಾಯಿತು. ಸಾಲುಗಳೆಲ್ಲ ಅಂದವಾಗಿವೆ, ಯಾರನ್ನೂ ಕೇಳಿಲ್ಲ. ನಮ್ಮ ಪುಸ್ತಕದ ಯೋಜನೆಯ ಅಧ್ಯಾಯದಲ್ಲೇ ಯೋಜನೆಯ ಮಿತಿಗಳು ಎಂದು ಒಂದು ಭಾಗ ಇದೆ. ಎಲ್ಲರೂ ಓದಿದ್ದೇವೆ, ನಮಗೆ ಅನ್ವಯಿಸುತ್ತದೆ ಎಂದು ಯಾರೂ ಅಂದುಕೊಂಡಿಲ್ಲ.

ಹಾಗಾಗಿ ಆ ಹಾಳೆ ಮಡಚಿಟ್ಟು ಮೊದಲು ಅಬ್ಬಾನ ಹತ್ತಿರ ಹೋಗಿ ಕುಳಿತೆ. ಅಬ್ಬಾನ ಆಸೆ ನಾನು ಸರ್ಕಾರಿ ಶಾಲೆಯ ಟೀಚರ್ ಆಗಬೇಕೆಂಬುದು. ಏಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಬರೀ ವಾದ ಮಾಡುತ್ತಿದ್ದೆ. ಈ ಸಲ ಕೇಳಿದೆ. ದಾದಾ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ. ಮಿಲ್ಲಿನ ಸೈರನ್ ಕೂಗಿದರೆ ಊರು ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತಂತೆ. ಮಿಲ್ಲು ಮುಚ್ಚಿದಾಗ ಅಬ್ಬಾ ಒಂಬತ್ತನೆಯ ತರಗತಿ. ಶಾಲೆ ಬಿಟ್ಟು ಮಂಡಕ್ಕಿ ಭಟ್ಟಿಗೆ ಹೋದರು. "ಕಂಪನಿ ಎಷ್ಟು ದೊಡ್ಡದಿದ್ದರೂ ಒಂದು ದಿನ ಗೇಟಿಗೆ ಬೀಗ ಹಾಕ್ತಾರೆ ಬೇಟಾ. ಸರ್ಕಾರದ ಗೇಟಿಗೆ ಹಾಕಲ್ಲ" ಎಂದರು. ನನ್ನ ಆಯ್ಕೆಯ ಕೆಲಸವೂ ಹೋಗಬಹುದಾದ ಕೆಲಸವೇ. ಹೋಗುವುದಿಲ್ಲ ಎಂದು ಸುಳ್ಳು ಹೇಳಲಿಲ್ಲ. "ಹೋದರೆ ಏನು ಮಾಡ್ತೀಯ?" ಎಂದರು. "ಲೆಕ್ಕ ಬರೆಯೋದು ಗೊತ್ತಿರುತ್ತೆ ಅಬ್ಬಾ" ಎಂದೆ. ಅವರು ಬಹಳ ಹೊತ್ತು ಹಲಗೆಯನ್ನು ನೋಡುತ್ತಾ ಕುಳಿತಿದ್ದರು.

ಕೊನೆಗೆ ಆದ ಒಪ್ಪಂದ ಹೀಗಿದೆ. ಬೆಂಗಳೂರು ಇಲ್ಲ, ಹಾಸ್ಟೆಲ್ ಇಲ್ಲ. ಅದು ನನಗೆ ನೋವಾಯಿತು, ಈಗಲೂ ಇದೆ. ಬಿ.ಬಿ.ಎ. ಬದಲು ಬಿ.ಕಾಂ., ಇಲ್ಲೇ ದಾವಣಗೆರೆಯಲ್ಲಿ. ಮೂರು ವರ್ಷ ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷ ನನ್ನದು, ಆ ವರ್ಷ ಮದುವೆಯ ಮಾತು ಮನೆಯಲ್ಲಿ ಎತ್ತುವಂತಿಲ್ಲ. ಕೊನೆಯ ಷರತ್ತು ಸೇರಿಸಿದ್ದು ನಾನಲ್ಲ, ಅಮ್ಮಿ.

ಈಗ ನನ್ನ ಯೋಜನೆ ಒಂದು ವರ್ಷಕ್ಕಿಂತ ಉದ್ದವಿಲ್ಲ. ನನಗೆ ಏನು ಬರುವುದಿಲ್ಲ ಎಂಬುದರಿಂದ ಶುರು ಮಾಡಿದ್ದೇನೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಎದ್ದು ಮಾತಾಡಲು ನಾಲಿಗೆ ತಿರುಗುವುದಿಲ್ಲ. ಆಪಾ ಪ್ರತಿ ಭಾನುವಾರ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ನಾನು ಹೆಚ್ಚಾಗಿ 'ಯೆಸ್ ಆಪಾ' ಎನ್ನುತ್ತೇನೆ. ಸಂಖ್ಯಾಶಾಸ್ತ್ರ ತೆಗೆದುಕೊಂಡದ್ದು ಒಳ್ಳೆಯದಾಯಿತು. ಸರಾಸರಿ ಸುಳ್ಳು ಹೇಳುವುದು ಹೇಗೆಂದು ಅಮ್ಮಿಯ ಹಲಗೆಯಿಂದಲೇ ಕಲಿತೆ: ವಾರಕ್ಕೆ 31 ಬಟ್ಟೆ ಎಂದರೆ ದಿನಕ್ಕೆ ಐದು, ಆರಾಮ ಎನಿಸುತ್ತದೆ, 19 ಒಂದೇ ದಿನ ಬೀಳುವುದು ಸರಾಸರಿಯಲ್ಲಿ ಕಾಣುವುದೇ ಇಲ್ಲ. ಪರೀಕ್ಷೆಯ ನಂತರ ಡೇಟಾಬೇಸ್‌ನಿಂದ ಲೆಕ್ಕ ಹೊರತೆಗೆಯುವ ಎಸ್‌ಕ್ಯೂಎಲ್ ಕಲಿಯಬೇಕು. ಅದನ್ನು ಕಲಿಯಲು ಇಂಜಿನಿಯರ್ ಆಗಬೇಕಾಗಿಲ್ಲವಂತೆ.

ಉಳಿದದ್ದು ಸ್ಟೂಲ್ ಹಾಕಿಕೊಂಡು ಕೂರುವುದು. ನವೆಂಬರಿನಲ್ಲಿ ನಾನೂ ಇಬ್ಬರು ಗೆಳತಿಯರೂ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ, ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಂದವರ ಪಕ್ಕ ಹೀಗೆ ಕುಳಿತಿದ್ದನ್ನು ಕೆಲವರು ನೋಡಿರಬಹುದು. ಗೂಢಚಾರರು ಎಂದು ನಕ್ಕಿರಿ. 22 ಜನರನ್ನು ನೋಡಿದೆವು. ನಮ್ಮವರಿಗೆ ಕಂಪ್ಯೂಟರ್ ಬರುವುದಿಲ್ಲ, ಅದಕ್ಕೇ ಸಾಲು ಉದ್ದ ಎಂದು ನಾನು ಅಂದುಕೊಂಡಿದ್ದೆ. ಮತ್ತೆ ತಪ್ಪು. 13 ಜನ ನಿಂತದ್ದು ಹೆಸರಿನ ಹತ್ತಿರ. ಆಧಾರ್‌ನಲ್ಲಿ ಮೊಹಮ್ಮದ್ ಎಂದು ಪೂರ್ತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎಂ.ಡಿ. ಎಂಬ ಎರಡಕ್ಷರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಬೇಗಂ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಒಂದೇ ಉರ್ದು ಹೆಸರನ್ನು ಮೂರು ಕಡೆ ಮೂರು ಜನ ತಮ್ಮ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅರ್ಜಿ ತುಂಬುವ ದಿನ ಅದನ್ನು ಸರಿಪಡಿಸಲು ಆಗುವುದಿಲ್ಲ, ವಾರಗಟ್ಟಲೆ ಓಡಾಡಬೇಕು. ಆದ್ದರಿಂದ ಪ್ರಥಮ ಪಿಯುಸಿಗೆ ಸೇರುವ ದಿನವೇ ಮೂರೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ ನೋಡುವ ಒಂದು ಪುಟದ ಚೀಟಿ ಬರೆದು ಪ್ರಿನ್ಸಿಪಾಲ್ ಸರ್‌ಗೆ ಕೊಟ್ಟಿದ್ದೇವೆ. ಜೂನ್‌ನಲ್ಲಿ ಹೊಸಬರು ಬರುವಾಗ ಅದನ್ನು ಕೊಡುತ್ತಾರಂತೆ. ಅಷ್ಟರಲ್ಲಿ ನಾವು ಮೂವರೂ ಇಲ್ಲಿರುವುದಿಲ್ಲ, ಅದು ಕೆಲಸ ಮಾಡಿತೇ ಎಂದು ಎಣಿಸಲು ಯಾರಾದರೂ ಬೇಕು. ಪ್ರಥಮ ಪಿಯುಸಿಯವರು ಈ ಪುಟ ಓದುತ್ತಿದ್ದರೆ ದಯವಿಟ್ಟು ನನ್ನನ್ನು ಬಂದು ನೋಡಿ. ನೋಟ್‌ಬುಕ್ ಕೊಡುತ್ತೇನೆ.

ನನ್ನ ಪಟ್ಟಿಯಲ್ಲಿ ಇನ್ನೊಂದು ಸಾಲು ಇದೆ. ಅದನ್ನು ಮೇಲೆಯೇ ಬರೆದಿದ್ದೇನೆ, ಆದರೆ ಎಂಟು ತಿಂಗಳಿಂದ ಮುಟ್ಟಿಲ್ಲ. ಬಿಟ್ಟು ಹೋದ ಗಿರಾಕಿಗೆ ಗೊತ್ತಿರುವಷ್ಟು ಇರುವ ಗಿರಾಕಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲು ಅವರನ್ನು ಹೋಗಿ ಕೇಳು ಎಂದು ಆಪಾ ಹೇಳುತ್ತಲೇ ಇರುತ್ತಾಳೆ. ಆ ಮದುಮಗಳ ತಾಯಿಯ ಮನೆ ನಾನು ಕಾಲೇಜಿಗೆ ಬರುವ ದಾರಿಯಲ್ಲೇ ಇದೆ. ಬಾಗಿಲು ತೆರೆದಿದ್ದರೆ ನಾನು ರಸ್ತೆಯ ಆ ಬದಿಗೆ ಹೋಗಿಬಿಡುತ್ತೇನೆ. ತಪ್ಪು ಟೈಲರಕ್ಕನದಲ್ಲ, ನನ್ನದು ಎಂದು ಅವರಿಗೆ ಇನ್ನೂ ಗೊತ್ತಿಲ್ಲ. ಮೊನ್ನೆ ಇದನ್ನು ಅಮ್ಮಿಗೆ ಹೇಳಿದೆ. ಅಮ್ಮಿ ಮಷೀನ್ ನಿಲ್ಲಿಸದೆ, "ಪರೀಕ್ಷೆ ಮುಗಿಯಲಿ, ನಾನೂ ಬರ್ತೀನಿ. ಬರಿಗೈಯಲ್ಲಿ ಹೋಗೋದು ಬೇಡ, ಆ ಮಗ್ಗದ ರವಿಕೆಯ ತೋಳು ಸ್ವಲ್ಪ ಬಿಗಿ ಆಗಿತ್ತು ಅಂತ ನನಗೆ ಆವತ್ತೇ ಅನ್ನಿಸಿತ್ತು, ಬಿಚ್ಚಿ ಸರಿ ಮಾಡಿ ಕೊಡ್ತೀನಿ ಅಂತ ಕೇಳೋಣ" ಎಂದರು. ಆಮೇಲೆ ಎದ್ದು ಹೋಗಿ ಹಲಗೆಯಲ್ಲಿ ಒಂದು ಕೆಂಪು ಮೊಳೆಗೆ ಖಾಲಿ ಚೀಟಿ ಸಿಕ್ಕಿಸಿ ಬಂದರು.